ಹೊಸ್ತಿಲ ಎತ್ತರ

ನಮ್ಮ ಜಿಲ್ಲೆಯ ಇತಿಹಾಸ ಎಂದರೆ ಶಾಲೆಯ ಮಕ್ಕಳು ಮೊದಲು ಹೇಳುವುದು ಗೋಲಗುಂಬಜ. ಅದನ್ನು ಕಟ್ಟಿಸಿದವನು ಮಹಮ್ಮದ್ ಆದಿಲಶಾಹ, ಆಳಿದ್ದು 1627ರಿಂದ 1656ರವರೆಗೆ, ಗುಮ್ಮಟದ ಹೊರ ವ್ಯಾಸ 144 ಅಡಿ. ಇಷ್ಟು ಬರೆದರೆ ಅಂಕ ಸಿಗುತ್ತವೆ. ಆ ಅರಸನ ಬಗ್ಗೆ ನಾವು ಪಾಠದಲ್ಲಿ ಅಷ್ಟಾಗಿ ಹೇಳದ ಸಂಗತಿ ಒಂದಿದೆ. 1646ರಲ್ಲಿ ಅವನು ಹಾಸಿಗೆ ಹಿಡಿದ. ಮುಂದಿನ ಹತ್ತು ವರ್ಷ ಪಾರ್ಶ್ವವಾಯುವಿನ ಬೇನೆಯಲ್ಲಿಯೇ ಕಳೆದವು. ರಾಜ್ಯದ ವ್ಯವಹಾರವನ್ನು ಹೆಚ್ಚಾಗಿ ರಾಣಿ ಬಡೀ ಸಾಹೇಬಾ ನೋಡಿಕೊಂಡಳು. ಅಂಥವನ ಗೋರಿಯ ಮೇಲಿನ ಪಿಸುಮಾತಿನ ಗ್ಯಾಲರಿಗೆ ಹೋಗಬೇಕಾದರೆ ಏಳು ಅಂತಸ್ತಿನ ಮೂಲೆಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಬೇಕು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನೋಡಿದ್ದೇನೆ, ಊರೂರಿನಿಂದ ಬಂದ ಮುದುಕಿಯರು ಕೆಳಗೆ ಕಟ್ಟೆಯ ಮೇಲೆ ಕುಳಿತು ಮೊಮ್ಮಕ್ಕಳ ಚಪ್ಪಲಿ ಕಾಯುತ್ತಿರುತ್ತಾರೆ.

ಅರಸನೆಂದ ಮೇಲೆ ಎತ್ತುವವರಿಗೆ, ಹೊರುವವರಿಗೆ ಏನು ಕೊರತೆ? ಆದರೆ ಅದೇ ಕಾಲದಲ್ಲಿ ಇಂಡಿಯ ಕಡೆಯದೋ, ಸಿಂದಗಿಯ ಕಡೆಯದೋ ಒಂದು ಒಕ್ಕಲು ಮನೆಯ ಹೆಣ್ಣುಮಗಳ ಕಾಲು ಹೋಗಿದ್ದರೆ ಅವಳು ದಿನ ಹೇಗೆ ತೆಗೆದಳು? ಪಡಸಾಲೆಯಿಂದ ಬಚ್ಚಲಕ್ಕೆ ಹೇಗೆ ಹೋದಳು? ಅದನ್ನು ಯಾವ ತವಾರೀಖಿನಲ್ಲಿಯೂ ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟದ್ದು ಒಂದೇ, ಮನೆ. ನಮ್ಮ ಹಳೆಯ ಮನೆಗಳನ್ನು ಓದಲು ಬಂದರೆ ಆ ಹೆಣ್ಣುಮಗಳ ಕಥೆ ಅಲ್ಲಿ ಸಿಗುತ್ತದೆ.

ಇಪ್ಪತ್ತೆಂಟು ವರ್ಷಗಳ ನೌಕರಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನ ನೀರು ಕುಡಿದಿದ್ದೇನೆ. ಜನಗಣತಿ, ಚುನಾವಣೆ, ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆ ಎಂದು ಮಾಸ್ತರರು ಹೊಕ್ಕು ಹೊರಬರದ ಮನೆ ನಮ್ಮ ಕಡೆ ಇಲ್ಲ. ಹಾಗೆ ಹೊಕ್ಕ ಹಳೆಯ ಮನೆಗಳ ಲಕ್ಷಣ ಹೆಚ್ಚು ಕಡಿಮೆ ಒಂದೇ. ಗಿಡ್ಡ ತಲಬಾಗಿಲು, ಮೊಳಕಾಲಿನವರೆಗೆ ಬರುವ ಹೊಸ್ತಿಲು. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಗೋದಲಿ. ಅಲ್ಲಿಂದ ಎರಡೂವರೆ ಅಡಿ ಎತ್ತರಕ್ಕೆ ಪಡಸಾಲೆಯ ಕಟ್ಟೆ. ಪಡಸಾಲೆ ದಾಟಿ ಇನ್ನೊಂದು ಹೊಸ್ತಿಲು, ಒಳಮನೆ. ಮತ್ತೊಂದು ಹೊಸ್ತಿಲು, ಅಡಿಗೆಮನೆ. ಅದರ ಮೂಲೆಯಲ್ಲಿ ಒಂದು ಗೇಣು ತಗ್ಗಿನ ಬಚ್ಚಲು. ಮೇಲೆ ಮಣ್ಣಿನ ಮಾಳಿಗೆ, ಅದಕ್ಕೆ ಹತ್ತಲು ನಿಚ್ಚಣಿಕೆ.

ಇವುಗಳಲ್ಲಿ ಒಂದೂ ಸುಮ್ಮನೆ ಮಾಡಿದ್ದಲ್ಲ. ದನ ನಿಲ್ಲುವ ನೆಲ ತಗ್ಗಿಗಿದ್ದರೆ ಗಂಜಳ ಒಳಗೆ ಹರಿಯದು. ಕಟ್ಟೆಯ ಅಂಚಿಗೆ ಮೇವು ಇಟ್ಟರೆ ಎತ್ತು ನಿಂತಲ್ಲಿಯೇ ತಿನ್ನುತ್ತದೆ, ಪಡಸಾಲೆಯಲ್ಲಿ ಮಲಗಿದವನು ರಾತ್ರಿ ಕಣ್ಣು ಬಿಟ್ಟರೆ ಎತ್ತು ಎದುರಿಗೇ ಕಾಣುತ್ತದೆ. ನಮ್ಮದು ಎರೆ ಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಂಥ ನೆಲದ ಮೇಲೆ ಗಟ್ಟಿಯಾಗಿ ನಿಲ್ಲಬೇಕಾದರೆ ತಳಪಾಯ ಎತ್ತರವಿರಬೇಕು. ಭೀಮೆಯ ದಂಡೆಯ ಊರುಗಳಲ್ಲಿಯಂತೂ ಹೊಳೆಯ ನೀರಿನ ಹೆದರಿಕೆಗೆ ಇನ್ನಷ್ಟು ಎತ್ತರ. ಹೊಸ್ತಿಲು ಎತ್ತರವಿದ್ದರೆ ಚೇಳು, ಹಾವು, ಓಣಿಯ ನೀರು ಒಳಗೆ ಬರುವುದಿಲ್ಲ. ಬಾಗಿಲು ಗಿಡ್ಡವಿದ್ದರೆ ಹೊರಗಿನವನು ತಲೆ ಬಗ್ಗಿಸಿಯೇ ಬರಬೇಕು; ದಂಡು ದರೋಡೆಗಳ ಕಾಲದಲ್ಲಿ ಅದೊಂದು ರಕ್ಷಣೆ.

ಹೀಗೆ ಎತ್ತು, ಜೋಳ, ನೀರು, ಕಳ್ಳ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಮನೆ ಕಟ್ಟಿದರು. ಲೆಕ್ಕಕ್ಕೆ ಬರದೆ ಉಳಿದವರು ಇಬ್ಬರೇ, ಕಾಲು ಬಾರದ ಕೂಸು ಮತ್ತು ಕಾಲು ಹೋದ ಮುದುಕಿ. ಗಟ್ಟಿ ಕಾಲಿನವರು ತಮ್ಮ ಕಾಲಿನ ಅಳತೆಗೆ ಕಟ್ಟಿದ ಮನೆ ಅದು. ಕಟ್ಟುವಾಗ ಯಾರಿಗೂ ತಾವು ಮುಪ್ಪಾಗುತ್ತೇವೆ ಎಂಬ ನೆನಪಿರುವುದಿಲ್ಲ.

ಹಾಗೆಂದು ನಮ್ಮ ಹಿಂದಿನವರಿಗೆ ಕರುಣೆಯೇ ಇರಲಿಲ್ಲ ಎನ್ನಲಾಗದು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ಹೊಗಳುತ್ತ, ಅಲ್ಲಿ ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅನ್ನ ದೊರೆಯುತ್ತದೆ, ರೋಗಿಗಳಿಗೆ ಔಷಧ ದೊರೆಯುತ್ತದೆ ಎಂದು ಹೇಳುತ್ತದೆ. ಅದು ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲವೇ. ದೇಹವನ್ನೇ ದೇಗುಲ ಮಾಡಿ ನೋಡಿದವರ ಕಾಲ. ಅನ್ನ ಕೊಡುವ ಧರ್ಮ ನಮ್ಮಲ್ಲಿ ಬಹಳ ಹಳೆಯದು. ಆದರೆ ಅನ್ನ ಇಟ್ಟ ಜಾಗಕ್ಕೆ ಅವರು ತಾವಾಗಿಯೇ ಹೇಗೆ ಬರಬೇಕು ಎಂಬ ಪ್ರಶ್ನೆ ಬೇರೆ. ಅದನ್ನು ಕೇಳುವುದಕ್ಕೆ ಇನ್ನೂ ಎಂಟುನೂರು ವರ್ಷ ಬೇಕಾದವು.

ಈ ಮಾತಿಗೆ ನಮ್ಮಲ್ಲಿ ಒಂದು ಸೊಗಸಾದ ಅಪವಾದ ಇದೆ, ಹೆಳವ. ಹೆಳವ ಎಂದರೆ ಕಾಲಿಲ್ಲದವನು ಎಂದೇ ಅರ್ಥ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದುಕೊಂಡು ಊರಿಗೆ ಬರುವ ಹೆಳವರನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. ಮನೆಯ ಮುಂದೆ ಎತ್ತು ನಿಲ್ಲಿಸಿ, ನಿಮ್ಮ ಮೂಲಪುರುಷ ಇಂಥವನು, ಇಂಥ ಊರಿಂದ ಬಂದ, ಅವನಿಗೆ ಇಷ್ಟು ಮಕ್ಕಳು ಎಂದು ಏಳು ತಲೆಯ ವಂಶಾವಳಿಯನ್ನು ಬಾಯಿಪಾಠ ಹೇಳುತ್ತಿದ್ದರು. ಹಾಗೆ ಬರುವವರೆಲ್ಲ ನಿಜವಾಗಿ ಕಾಲಿಲ್ಲದವರೇನಲ್ಲ. ಕಂಬಳಿ ಹೊದೆಯುವುದು ಅವರ ಕುಲದ ಪದ್ಧತಿ. ನನಗೆ ಮುಖ್ಯವೆನಿಸುವುದು ಬೇರೆ. ಹೆಳವ ಹೊಸ್ತಿಲು ದಾಟುವುದಿಲ್ಲ. ಮನೆಯ ಯಜಮಾನನೇ ಎದ್ದು ಹೊರಗೆ ಬರುತ್ತಾನೆ. ಊರಿನ ಇತಿಹಾಸವನ್ನು ಇಟ್ಟುಕೊಂಡವನು ಕಾಲಿಲ್ಲದವನು, ಅವನ ಹತ್ತಿರ ಕಾಲಿದ್ದವರೇ ನಡೆದು ಬರಬೇಕು. ಇಂಥದೊಂದು ತಿಳಿವಳಿಕೆ ನಮ್ಮ ನಾಡಿನಲ್ಲಿ ಇತ್ತು. ಅದು ಓಣಿಯಲ್ಲಿತ್ತು, ಮನೆಯ ಒಳಗೆ ಬರಲಿಲ್ಲ.

ಮನೆಯ ಒಳಗೆ ಇದ್ದದ್ದು ಉಪಾಯಗಳು. ಗೋಡೆಯ ಗೂಟ ಹಿಡಿದು ಏಳುವುದು. ಒನಕೆಯನ್ನೇ ಊರುಗೋಲು ಮಾಡಿಕೊಳ್ಳುವುದು. ತೊಲೆಯಲ್ಲಿ ತೊಟ್ಟಿಲು ಕಟ್ಟಲು ಹಾಕಿದ ಕಬ್ಬಿಣದ ಕೊಂಡಿಗೆ ಹಗ್ಗ ಇಳಿಬಿಟ್ಟು, ಹಾಸಿಗೆ ಹಿಡಿದವರು ಅದನ್ನು ಹಿಡಿದುಕೊಂಡು ಏಳುವುದು. ಮುದುಕರ ಹೊರಸನ್ನು ಪಡಸಾಲೆಯ ತುದಿಗೆ, ಬೆಳಕು ಗಾಳಿ ಬರುವ ಕಡೆ ಹಾಕುವುದು. ಇವೆಲ್ಲ ಒಳ್ಳೆಯ ಉಪಾಯಗಳೇ. ಆದರೆ ಹೊರಸು ಸಿಗುತ್ತಿದ್ದದ್ದು ಹೆಚ್ಚಾಗಿ ಗಂಡಸರಿಗೆ. ಮುದುಕಿಯರ ಹಾಸಿಗೆ ಒಳಮನೆಯ ಕತ್ತಲೆಯಲ್ಲಿ.

2001ರ ಜನಗಣತಿಯಲ್ಲಿ ಅಂಗವಿಕಲತೆಯ ಬಗ್ಗೆ ಪ್ರಶ್ನೆ ಇತ್ತು, ಐದು ಬಗೆ. 2011ರಲ್ಲಿ ಎಂಟು ಬಗೆ ಆದವು. "ನಿಮ್ಮ ಮನ್ಯಾಗ ಅಂಗವಿಕಲರು ಯಾರರೆ ಅದಾರೇನ್ರಿ?" ಎಂದು ಕೇಳಿದರೆ ಉತ್ತರ ಒಂದೇ, "ಯಾರೂ ಇಲ್ರಿ ಅಕ್ಕೋರ." ಬರೆದುಕೊಳ್ಳುವಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳುತ್ತಿತ್ತು. "ಒಳಗ ಯಾರು?" "ನಮ್ಮ ಆಯಿ ರಿ. ಎರಡು ವರ್ಷ ಆತು, ಎದ್ದಿಲ್ಲ." ಮುಪ್ಪು ಅಂಗವಿಕಲತೆ ಅಲ್ಲ, ಅದು ಹಣೆಬರಹ ಎಂದು ಜನರ ಲೆಕ್ಕ. ಮನೆಪಟ್ಟಿಯ ಕಾಗದದಲ್ಲಿ ಗೋಡೆ ಯಾತರದು, ನೆಲ ಯಾತರದು, ಮೇಲ್ಛಾವಣಿ ಯಾತರದು, ಪಾಯಖಾನೆ ಉಂಟೋ ಇಲ್ಲವೋ, ಎಲ್ಲಕ್ಕೂ ಅಂಕಣ ಇದ್ದವು. ಹೊಸ್ತಿಲು ಎಷ್ಟು ಎತ್ತರ ಎಂಬುದಕ್ಕೆ ಇರಲಿಲ್ಲ.

ಪಾಯಖಾನೆಯ ಮಾತು ಬಂತು. ಇದನ್ನು ನಾವು ಹೆಣ್ಣುಮಕ್ಕಳೇ ಬಿಚ್ಚಿ ಹೇಳಬೇಕು. ನಮ್ಮ ಕಡೆ ಹೆಂಗಸರು ಬಯಲಕಡೆ ಹೋಗುತ್ತಿದ್ದದ್ದು ನಸುಕಿನಲ್ಲಿ ಇಲ್ಲವೆ ಕತ್ತಲಾದ ಮೇಲೆ. ಕಾಲು ಗಟ್ಟಿ ಇದ್ದವರಿಗೇ ಅದು ಕಷ್ಟ. ಮುದ್ದೇಬಿಹಾಳ ತಾಲೂಕಿನ ನಮ್ಮ ಮನೆಯಲ್ಲಿ ನಮ್ಮ ಅತ್ತೆಯವರು ಒದ್ದೆ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆ ಸೀಮೆಯಲ್ಲಿ ತಾಳಿಕೋಟಿಯ ಸುತ್ತ ಹಾಸುಗಲ್ಲು ಸಿಗುತ್ತದೆ, ಮನೆಮನೆಗೂ ಫರಸಿ. ನಾಲ್ಕು ತಲೆಮಾರು ತುಳಿದು ಕನ್ನಡಿಯಂತಾದ ಫರಸಿಗೆ ನೀರು ಬಿದ್ದರೆ ಹೇಳುವುದೇ ಬೇಡ. ಎಲುಬು ಕೂಡಿತು, ಆದರೆ ನಡಿಗೆ ಮೊದಲಿನಂತಾಗಲಿಲ್ಲ. ಕೆಲವು ವಾರಗಳಲ್ಲಿ ಅವರು ಸೊರಗತೊಡಗಿದರು, ನಾಲಿಗೆ ಒಣಗಿತು, ಮಾತು ತೊದಲಿತು. ಡಾಕ್ಟರು ಬಂದು ನೋಡಿ, ನೀರು ಕುಡಿಯುತ್ತಿಲ್ಲ ಎಂದರು. ನಾನು ತಂಬಿಗೆ ಹಿಡಿದು ಪಕ್ಕದಲ್ಲಿ ಕುಳಿತೆ. ಅವರು ಮುಖ ಆ ಕಡೆ ತಿರುಗಿಸಿ ಹೇಳಿದರು: "ಕುಡದ್ರ ಹೋಗಬೇಕಾಗ್ತೈತಿ. ಹೋಗಬೇಕಂದ್ರ ನಿನ್ನ ಎಬ್ಬಸಬೇಕಾಗ್ತೈತಿ. ಮುಂಜಾನೆದ್ದು ನೀ ಸಾಲಿಗೆ ಹೋಗಾಕಿ."

ಬಾವಿಯಿಂದ ಜೀವಮಾನವಿಡೀ ನೀರು ಹೊತ್ತವರು ಒಂದು ಲೋಟ ನೀರಿಗೆ ಲೆಕ್ಕ ಹಾಕುತ್ತಿದ್ದರು. ಆಮೇಲೆ ಬೇರೆ ಊರುಗಳಲ್ಲಿ ಓರಗೆಯ ಹೆಂಗಸರನ್ನು ಕೇಳಿದೆ. ನಮ್ಮ ಅತ್ತೆ ಒಬ್ಬರೇ ಅಲ್ಲ.

ಮಾಡಿದ್ದು ದೊಡ್ಡದೇನಲ್ಲ. ಗೌಂಡಿಯನ್ನು ಕರೆಸಿ ಬಚ್ಚಲಿನ ತಗ್ಗು ತುಂಬಿಸಿದೆವು. ನುಣುಪಾದ ಫರಸಿಗೆ, ಬೀಸುವ ಕಲ್ಲಿಗೆ ಹೊಡೆಯುವಂತೆ ಚಾಣ ಹೊಡೆಸಿ ಒರಟು ಮಾಡಿಸಿದೆವು. ಹಾಸಿಗೆಯಿಂದ ಬಚ್ಚಲಿನವರೆಗೆ ಗೋಡೆಗೆ, ಅವರ ಸೊಂಟದ ಎತ್ತರಕ್ಕೆ, ನೀರಿನ ಕಬ್ಬಿಣದ ಪೈಪನ್ನೇ ಉದ್ದಕ್ಕೂ ಕೂಡ್ರಿಸಿದೆವು. ಬಡಿಗೇರ ಒಂದು ಹಳೆಯ ಕುರ್ಚಿಯ ನಡುವೆ ಕೊರೆದು, ಕೆಳಗೆ ಬಕೆಟ್ ಇಡುವಂತೆ ಮಾಡಿಕೊಟ್ಟ. ರಾತ್ರಿ ಉರಿಯುವ ಸಣ್ಣ ದೀಪ ಒಂದು. ಹೊಸ್ತಿಲು ಮಾತ್ರ ಕೀಳಿಸಲು ಅತ್ತೆಯವರೇ ಒಪ್ಪಲಿಲ್ಲ, ಶುಕ್ರವಾರ ಪೂಜೆ ಮಾಡಿದ ಹೊಸ್ತಿಲು. ಅದರ ಎರಡೂ ಬದಿಗೆ ಇಳಿಜಾರಾಗಿ ಕೆತ್ತಿದ ಬೇವಿನ ಹಲಗೆ ಇಟ್ಟೆವು. ಪೂಜೆಯ ದಿನ ತೆಗೆದರಾಯಿತು. ಪೈಪು ಹಿಡಿದು ಅವರು ಮೊದಲನೆಯ ಸಲ ಒಬ್ಬರೇ ಹೋಗಿ ಬಂದ ರಾತ್ರಿ ನಾನು ಎಚ್ಚರವಿದ್ದೆ. ಸುಮ್ಮನೆ ಮಲಗಿದ್ದೆ. ಮರುದಿನ ತಂಬಿಗೆ ಖಾಲಿಯಾಗಿತ್ತು.

ಹಳೆಯ ಮನೆಗಳನ್ನು ಬಿಟ್ಟು ಹೊಸದಾಗಿ ಕಟ್ಟುವ ಅವಕಾಶ ನಮ್ಮ ಜಿಲ್ಲೆಗೆ ಒಮ್ಮೆ ದೊಡ್ಡ ಪ್ರಮಾಣದಲ್ಲಿ ಬಂದಿತ್ತು. ಆಗ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಕೃಷ್ಣೆಯ ಹಿನ್ನೀರಿಗೆ ಹಳೆಯ ಕೊಲ್ಹಾರ ಹೋಯಿತು, ಬಾಗಲಕೋಟೆಯ ಬಹುಭಾಗ ಹೋಯಿತು, ಎಷ್ಟೋ ಹಳ್ಳಿಗಳು ಹೋದವು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಬರುವಾಗ ಹಳೆಯ ಮನೆಯ ತೊಲೆ, ಕಂಬ, ಬಾಗಿಲ ಚೌಕಟ್ಟು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದರು. ಸಾಗವಾನಿ, ಮತ್ತಿಯ ಕಟ್ಟಿಗೆ, ಅಜ್ಜ ಮುತ್ತಜ್ಜರು ಕೆತ್ತಿಸಿದ್ದು, ಹೇಗೆ ಬಿಟ್ಟಾರು? ಆ ಚೌಕಟ್ಟಿನ ಜೊತೆಗೆ ಹೊಸ್ತಿಲೂ ಬಂತು, ಅದೇ ಎತ್ತರ, ಅದೇ ಇಕ್ಕಟ್ಟು. ದನ ಮನೆಯ ಹೊರಗೆ ಹೋದವು, ದರೋಡೆಯ ಹೆದರಿಕೆ ಹೋಯಿತು, ಹೊಳೆಯೂ ದೂರವಾಯಿತು. ಎತ್ತರ ಮಾತ್ರ ಉಳಿಯಿತು. ಕಾರಣ ಸತ್ತ ಮೇಲೂ ರೂಢಿ ಬದುಕಿರುವುದನ್ನು ಇತಿಹಾಸದ ಪಾಠದಲ್ಲಿ ಹೇಗೆ ಹೇಳಬೇಕೆಂದು ತಿಳಿಯದಾಗ ನಾನು ಈ ಉದಾಹರಣೆ ಕೊಡುತ್ತೇನೆ.

ಆ ಆಣೆಕಟ್ಟನ್ನು 2006ರ ಆಗಸ್ಟ್ 21ರಂದು ನಾಡಿಗೆ ಅರ್ಪಿಸಿದವರು ರಾಷ್ಟ್ರಪತಿ ಅಬ್ದುಲ್ ಕಲಾಂ. ಕ್ಷಿಪಣಿ ಮಾಡಿದ ವಿಜ್ಞಾನಿ ಎಂದು ಎಲ್ಲರಿಗೂ ಗೊತ್ತು. ಅವರು ತಮ್ಮ ಭಾಷಣಗಳಲ್ಲಿ ಹೇಳಿಕೊಳ್ಳುತ್ತಿದ್ದ ಒಂದು ಸಂತೋಷ ಬೇರೆಯದೇ. ಹೈದರಾಬಾದಿನ ಆಸ್ಪತ್ರೆಯಲ್ಲಿ ಮಕ್ಕಳು ಮೂರು ಮೂರು ಕಿಲೋ ಭಾರದ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಕಾಲು ಎಳೆಯುವುದನ್ನು ಕಂಡು, ಕ್ಷಿಪಣಿಗೆ ಬಳಸುವ ಹಗುರ ವಸ್ತುವಿನಿಂದ 300 ಗ್ರಾಮಿನ ಕ್ಯಾಲಿಪರ್ ಮಾಡಿಸಿಕೊಟ್ಟದ್ದು. ಕಾಲಿಗೆ ಕಟ್ಟುವುದು ಹಗುರವಾಯಿತು. ಆ ಕಾಲು ದಾಟಬೇಕಾದ ಹೊಸ್ತಿಲನ್ನು ಹಗುರ ಮಾಡುವುದು ವಿಜ್ಞಾನಿಯ ಕೆಲಸವಲ್ಲ, ನಮ್ಮ ಗೌಂಡಿಯ ಕೆಲಸ.

ಕಾನೂನು ಬಂತು. 1995ರ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ಬೇಕೆಂದಿತು, ಆದರೆ ಸರಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂದು ಒಂದು ಬಾಲ ಸೇರಿಸಿತು. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಸುಪ್ರೀಂ ಕೋರ್ಟು ಮತಗಟ್ಟೆಗಳಿಗೆ ಇಳಿಜಾರು ಹಾಕಬೇಕೆಂದಿತು. ನಮ್ಮ ಶಾಲೆಗಳೇ ಮತಗಟ್ಟೆಗಳು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ತಡೆಯಿಲ್ಲದ ಶಾಲೆ ಎಂದಿತು. 2016ರ ಹೊಸ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿತು, ಸರಕಾರಿ ವಸತಿ ಯೋಜನೆಗಳಲ್ಲಿ ನೂರಕ್ಕೆ ಐದು ಪಾಲು ಮೀಸಲಿಟ್ಟು ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಆದ್ಯತೆ ಎಂದಿತು. ಹೆಸರೂ ಬದಲಾಗುತ್ತ ಬಂತು: ಕುಂಟ ಹೋಗಿ ಅಂಗವಿಕಲ, ಅಂಗವಿಕಲ ಹೋಗಿ ವಿಕಲಚೇತನ, ಈಗ ವಿಶೇಷಚೇತನ. ಒಳ್ಳೆಯದೇ. ಹೀಗೆ ಶಾಲೆಗೆ ಇಳಿಜಾರು ಬಂತು. ಆದರೆ ಮಗು ಇರುವುದು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ.

ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿದ್ದಾಗ ಒಬ್ಬ ಹುಡುಗ ಇದ್ದ. ಹುಟ್ಟಿದಾಗಿನಿಂದ ಎರಡೂ ಕಾಲಿನ ನರ ಬಿಗಿ. ಬುದ್ಧಿ ಚುರುಕು, ಮಗ್ಗಿ ಹಿಂದುಮುಂದಾಗಿ ಹೇಳುವವನು. ತಂದೆ ದುಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದ. ತಾಯಿ ದಿನಾಲು ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು ಬಿಡುತ್ತಿದ್ದಳು. ಐದನೆಯ ಇಯತ್ತೆಯವರೆಗೆ ಹೀಗೆಯೇ ನಡೆಯಿತು. ಆರನೆಯದಕ್ಕೆ ಬರುವಷ್ಟರಲ್ಲಿ ಹುಡುಗ ನಿಂತುಬಿಟ್ಟ. ಮನೆಗೆ ಹೋದೆ. ತಾಯಿ ಅಂದಳು: "ಅಕ್ಕೋರ, ಇವ ಬೆಳದಾನ್ರಿ. ಇವನ್ನ ಎತ್ತಾಕ ನನ್ನ ಟೊಂಕ ಕೇಳವಲ್ದು." ಮಗ ಬೆಳೆದನೆಂದು ತಾಯಿ ಅಳುವುದನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ ಮೂಲೆಯಲ್ಲಿತ್ತು, ಅದರ ಮೇಲೆ ಜೋಳದ ಚೀಲ. ಮನೆಯ ಕಟ್ಟೆಯಿಂದ ಅಂಗಳಕ್ಕೆ ಮೂರು ಪಾವಟಿಗೆ ಇಳಿಯಬೇಕು. ಶಾಲೆಯ ಇಳಿಜಾರಿಗೂ ಹುಡುಗನಿಗೂ ನಡುವೆ ಇದ್ದದ್ದು ಆ ಮೂರು ಪಾವಟಿಗೆ.

ಕಟ್ಟಡದ ನಿಯಮ ಹೇಳುವ ಅಳತೆ ಒಂದಕ್ಕೆ ಹನ್ನೆರಡು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ಅದಕ್ಕಿಂತ ಕಡಿದಾದರೆ ಗಾಲಿ ಹಿಂದಕ್ಕೆ ಉರುಳುತ್ತದೆ, ನೂಕುವವರಿಗೆ ತಡೆಯಲಾಗದು. ನಾನು ಅದನ್ನು ಆರನೆಯ ಇಯತ್ತೆಗೆ ಅನುಪಾತದ ಲೆಕ್ಕವಾಗಿ ಕೊಟ್ಟೆ. ಕಟ್ಟೆ ಒಂದೂವರೆ ಅಡಿ, ಹಾಗಾದರೆ ಹದಿನೆಂಟು ಅಡಿ ಇಳಿಜಾರು ಬೇಕು. ಅಂಗಳ ಇರುವುದು ಹದಿನಾಲ್ಕೇ ಅಡಿ. ಮಕ್ಕಳು ಪೆಚ್ಚಾದರು. ಆಮೇಲೆ ಒಬ್ಬ ಹುಡುಗಿ ಎದ್ದು, ಗೋಡೆಗುಂಟ ಒಂಬತ್ತು ಅಡಿ ಹೋಗಿ ತಿರುಗಿ ಒಂಬತ್ತು ಅಡಿ ಬಂದರಾಯಿತಲ್ಲ, ಎಂದಳು. ಹಾಗೆಯೇ ಮಾಡಿದರು. ತಿರುವಿನಲ್ಲಿ ಗಾಲಿಕುರ್ಚಿ ಹೊರಳುವಷ್ಟು, ಐದು ಅಡಿ, ಸಮತಟ್ಟು ಜಾಗ. ಓಣಿಯವರು ಬಿದ್ದ ಮನೆಯ ಕಲ್ಲು ಮಣ್ಣು ತಂದು ತುಂಬಿದರು, ಮೇಲೆ ಒರಟು ಫರಸಿ, ಅಂಚಿಗೆ ಗಾಲಿ ಜಾರಿ ಬೀಳದಂತೆ ಮೂರು ಬೆರಳು ಎತ್ತರದ ದಿಂಡು. ಜೋಳದ ಚೀಲ ಕೆಳಗೆ ಇಳಿಯಿತು. ಹುಡುಗ ಹತ್ತನೆಯ ಇಯತ್ತೆ ಮುಗಿಸಿದ.

2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ, ಹೆಚ್ಚಿನ ಅಂಗವಿಕಲತೆ ಇದ್ದವರಿಗೆ ಮನೆಯಲ್ಲಿಯೇ ಮತ ಹಾಕಲು ಅವಕಾಶ ಕೊಟ್ಟರು. 2024ರ ಲೋಕಸಭೆಗೆ ವಯಸ್ಸನ್ನು 85 ಮಾಡಿದರು. ಹೆಳವನ ಎತ್ತಿನ ಮುಂದೆ ಯಜಮಾನ ಬಂದು ನಿಂತಂತೆ ಸರಕಾರವೇ ಮುದುಕಿಯ ಹೊರಸಿನ ಮುಂದೆ ಬಂದು ನಿಂತಿತು. ನೋಡಲು ಚೆಂದ. ಆದರೆ ಸರಕಾರ ಬರುವುದು ಐದು ವರ್ಷಕ್ಕೊಮ್ಮೆ, ಬಚ್ಚಲಕ್ಕೆ ಹೋಗುವುದು ದಿನಾಲು.

ಈಗ ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ಮನೆಗಳು ಏಳುತ್ತಿವೆ. ಓಣಿಯ ಸಿಮೆಂಟು ರಸ್ತೆಯನ್ನು ಪ್ರತಿ ಸಲ ಹಳೆಯದರ ಮೇಲೆಯೇ ಹಾಕಿ ಎತ್ತರಿಸುತ್ತಾರೆಂದು ಜನ ತಳಪಾಯವನ್ನು ಇನ್ನೂ ಮೇಲಕ್ಕೆ ಒಯ್ಯುತ್ತಿದ್ದಾರೆ. ನೆಲಕ್ಕೆ ನೀರು ಬಿದ್ದರೆ ಕಾಣದಂಥ ನುಣುಪು ಟೈಲ್ಸ್. 2014ರ ನಂತರ ಸ್ವಚ್ಛ ಭಾರತದಲ್ಲಿ ಪಾಯಖಾನೆ ಬಂದವು, ಆದರೆ ಎಷ್ಟೋ ಕಡೆ ಅಂಗಳದ ಮೂಲೆಯಲ್ಲಿ, ಎರಡು ಪಾವಟಿಗೆ ಮೇಲೆ, ಕುಕ್ಕರಗಾಲಿನಲ್ಲಿ ಕೂಡುವಂಥವು. ಬಾಗಿಲು ಒಳಗೆ ತೆರೆಯುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಹೋದರೆ ಬಿದ್ದವರೇ ಬಾಗಿಲಿಗೆ ಅಡ್ಡ. ಬಾಗಿಲು ಹೊರಗೆ ತೆರೆಯುವಂತೆ ಕೂಡ್ರಿಸಲು, ಮೂರು ಅಡಿ ಅಗಲ ಇಡಲು, ಗೋಡೆಗೊಂದು ಹಿಡಿಕೆ ಹಾಕಲು ಕಟ್ಟುವಾಗಲೇ ಹೇಳಿದರೆ ದುಡ್ಡು ಹೆಚ್ಚೇನೂ ಆಗದು. ಕಟ್ಟಿದ ಮೇಲೆ ಒಡೆಸುವುದೇ ದುಬಾರಿ.

ಮನೆ ಕಟ್ಟುವವರು ಮೊದಲು ವಾಸ್ತು ಹೇಳುವವರನ್ನು ಕರೆಸುತ್ತಾರೆ. ಕರೆಸಲಿ. ಜೊತೆಗೆ, ತಳಪಾಯ ಮೇಲೆ ಬಂದ ದಿನ, ಮನೆಯ ಎಲ್ಲರಿಗಿಂತ ಹಿರಿಯ ಹೆಣ್ಣುಮಗಳನ್ನೂ ಅಲ್ಲಿಗೆ ಕರೆತರಬೇಕು. ಗೌಂಡಿಯ ಎದುರಿಗೆ ಅವಳಿಗೆ ಒಂದು ಹೆಜ್ಜೆ ಎತ್ತಿಡಲು ಹೇಳಬೇಕು. ಅವಳ ಕಾಲು ನೆಲದಿಂದ ಎಷ್ಟು ಏಳುತ್ತದೆಯೋ ಅಲ್ಲಿ ಸುಣ್ಣದಿಂದ ಗೆರೆ ಎಳೆದು, ಅದಕ್ಕಿಂತ ಮೇಲೆ ಯಾವ ಹೊಸ್ತಿಲೂ ಏಳದಂತೆ ನೋಡಿಕೊಳ್ಳಬೇಕು. ಗೌಂಡಿಗೆ ಅದೊಂದು ಅಳತೆ ಸಾಕು.